ಮೊಲದ ಮರಿಗೆ ಮೊದಲು ಹುಲ್ಲು, ಆಮೇಲೆ ಹಿಂಡಿ

ಮೊಲ ಸಾಕಬೇಕೆಂದು ನಮ್ಮ ತೋಟಕ್ಕೆ ಬರುವವರು ಮೊದಲು ತಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಬೆಲೆಯ ಬಗ್ಗೆ. ಹೊಟ್ಟೆಯ ಬಗ್ಗೆ ಕೇಳುವವರು ಅಪರೂಪ. ನನ್ನ ಬಳಿ ಇರುವುದು ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲಾ. ಎರಡಕ್ಕೂ ಮೇವು ಒಂದೇ. ತಳಿ ಎಷ್ಟೇ ಒಳ್ಳೆಯದಿರಲಿ, ಕರುಳು ಕೆಟ್ಟ ಮರಿ ತೂಕ ಬರುವುದಿಲ್ಲ.

ಮೊಲ ದನದ ಹಾಗೆ ಮೆಲುಕು ಹಾಕುವುದಿಲ್ಲ. ತಿಂದ ನಾರು ಹುದುಗು ಬರುವುದು ಸಣ್ಣ ಕರುಳು, ದೊಡ್ಡ ಕರುಳು ಕೂಡುವಲ್ಲಿರುವ ಸೀಕಮ್ ಎಂಬ ಚೀಲದಲ್ಲಿ. ಜೀರ್ಣಾಂಗದ ಒಟ್ಟು ಗಾತ್ರದಲ್ಲಿ ಶೇ 40ರಷ್ಟು ಈ ಚೀಲವೇ. ಅಲ್ಲಿನ ಸೂಕ್ಷ್ಮಜೀವಿಗಳು ತಯಾರಿಸಿದ ಪ್ರೋಟೀನ್ ಮತ್ತು ಬಿ ವಿಟಮಿನ್‌ಗಳು ಲೋಳೆ ಹತ್ತಿದ ಮೆತ್ತನೆಯ ಗೊಂಚಲಾಗಿ ಹೊರಬರುತ್ತವೆ. ಮೊಲ ಅದನ್ನು ನೆಲಕ್ಕೆ ಬೀಳಲು ಬಿಡದೆ ಬಾಯಿ ಹಾಕಿ ನುಂಗುತ್ತದೆ. ಹೊಸಬರು ಇದನ್ನು ಕಂಡು ರೋಗವೆಂದು ಗಾಬರಿಯಾಗುತ್ತಾರೆ. ಗಾಬರಿಯಾಗಬೇಕಾದದ್ದು ಆ ಗೊಂಚಲು ತಿನ್ನದೆ ಪಂಜರದ ಕೆಳಗಿನ ತಟ್ಟೆಯಲ್ಲಿ ಉಳಿದಾಗ. ಕಾಳು, ಬೂಸಾ ಬೆರೆಸಿದ ಹಿಂಡಿ ಹೆಚ್ಚಾಗಿದೆ, ನಾರು ಕಡಿಮೆಯಾಗಿದೆ ಎಂಬುದಕ್ಕೆ ಅದು ಗುರುತು.

ಒರಟು ನಾರು ಕರುಳನ್ನು ಮುಂದಕ್ಕೆ ತಳ್ಳುತ್ತದೆ. ಅದು ಕಡಿಮೆಯಾದರೆ ಕರುಳು ನಿಧಾನವಾಗುತ್ತದೆ, ಜೀರ್ಣವಾಗದ ಪಿಷ್ಟ ಸೀಕಮ್‌ಗೆ ಇಳಿಯುತ್ತದೆ, ಅದನ್ನು ತಿಂದು ಕ್ಲಾಸ್ಟ್ರೀಡಿಯಮ್ ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡುತ್ತದೆ. ಹೊಟ್ಟೆಗೆ ಹೋದದ್ದನ್ನು ವಾಂತಿ ಮಾಡಿ ತೆಗೆಯಲು ಮೊಲಕ್ಕೆ ಆಗುವುದಿಲ್ಲ. ರಾತ್ರಿ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತು ಬಿದ್ದಿದೆ ಎಂದು ಗೋಳಾಡುವವರ ಮೇವಿನ ತೊಟ್ಟಿಯನ್ನು ನೋಡಿದರೆ, ಬಹಳ ಸಲ ಮುಸುಕಿನ ಜೋಳದ ನುಚ್ಚು ಎದ್ದು ಕಾಣುತ್ತದೆ.

ಮೊಲಕ್ಕೆ ಹಾಕುವ ಹಿಂಡಿಯನ್ನು ನಾನೇ ಮಿಶ್ರಣ ಮಾಡುತ್ತೇನೆ. 10 ಕೆಜಿಗೆ ಮುಸುಕಿನ ಜೋಳ 2 ಕೆಜಿ, ಗೋಧಿ ಬೂಸಾ ಮೂರೂವರೆ, ಒಣಗಿಸಿ ಪುಡಿ ಮಾಡಿದ ಕುದುರೆ ಮೆಂತೆ ಎರಡೂವರೆ, ಸೋಯಾ ಹಿಂಡಿ 1 ಕೆಜಿ 200 ಗ್ರಾಂ, ಕಡಲೆ ಹೊಟ್ಟು ಅರ್ಧ ಕೆಜಿ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಪ್ರೋಟೀನ್ ಶೇ 16–17, ನಾರು ಶೇ 14ರ ಆಸುಪಾಸಿಗೆ ಬರುತ್ತದೆ. ಪುಡಿ ಮೂಗಿಗೆ ಹೋದರೆ ಮೊಲ ಸೀನುತ್ತದೆ, ಹಾಗಾಗಿ ನೀರು ಚಿಮುಕಿಸಿ ಮುದ್ದೆಗಟ್ಟದಷ್ಟು ತೇವ ಮಾಡಿ ಹಾಕುತ್ತೇನೆ. ಉಳಿದದ್ದನ್ನು ಮಾರನೆಯ ದಿನಕ್ಕೆ ಇಡುವುದಿಲ್ಲ, ಹುಳಿಯುತ್ತದೆ. ಸೋಯಾಗಿಂತ ಕಡಲೆಕಾಯಿ ಹಿಂಡಿ ಅಗ್ಗ ಎಂದು ಅಂಗಡಿಯವರು ಹೇಳುತ್ತಲೇ ಇರುತ್ತಾರೆ. ಅದರಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಸೇರುವ ಭಯ ಹೆಚ್ಚು, ಮೊಲ ಆ ವಿಷವನ್ನು ತಡೆಯುವುದಿಲ್ಲ, ಯಕೃತ್ತು ಕೆಡುತ್ತದೆ. ಅಲ್ಲಿ ಉಳಿಸಿದ ರೂಪಾಯಿ ಯಕೃತ್ತಿನಲ್ಲಿ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ ಕಾಲವೆಂದರೆ ಮರಿಯನ್ನು ತಾಯಿಯಿಂದ ಬೇರ್ಪಡಿಸಿದ ನಂತರದ ಎರಡು ವಾರ. ಹಾಲು ಕುಡಿಯುವ ಮರಿಯ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಅದನ್ನು ಕಾಯುವುದು ಹಾಲೇ. ಬೆಳೆದ ಮೊಲದ ಹೊಟ್ಟೆಯಾದರೆ ತೀಕ್ಷ್ಣ ಆಮ್ಲದ್ದು, ಸಾಮಾನ್ಯ ಸೂಕ್ಷ್ಮಜೀವಿಗಳು ಅಲ್ಲಿಯೇ ಸಾಯುತ್ತವೆ. ನಡುವಿನ ಈ ದಿನಗಳಲ್ಲಿ ಹಾಲಿನ ಕಾವಲೂ ಇಲ್ಲ, ಆಮ್ಲದ ಕಾವಲೂ ಪೂರ್ತಿ ಬಂದಿಲ್ಲ. ಅದಕ್ಕಾಗಿ ನಾನು 28 ದಿನಕ್ಕೆ ಬಿಡಿಸುವ ಆತುರ ಮಾಡದೆ 35 ದಿನದವರೆಗೂ ತಾಯಿಯ ಜೊತೆಗೇ ಬಿಡುತ್ತೇನೆ. ಮೂರನೆಯ ವಾರದಲ್ಲಿ ಮರಿ ಪೆಟ್ಟಿಗೆಯಿಂದ ಹೊರಗೆ ತಲೆ ಹಾಕುವಾಗಲೇ ಒಣಹುಲ್ಲು ಅದರ ಬಾಯಿಗೆ ಸಿಗುವಂತೆ ಕಟ್ಟುತ್ತೇನೆ. ಬೇರ್ಪಡಿಸುವಾಗ ತಾಯಿಯನ್ನು ಎತ್ತಿ ಬೇರೆ ಪಂಜರಕ್ಕೆ ಹಾಕುತ್ತೇನೆಯೇ ಹೊರತು ಮರಿಗಳ ಜಾಗವನ್ನೂ ಮೇವನ್ನೂ ಒಂದೇ ದಿನ ಬದಲಿಸುವುದಿಲ್ಲ. ಬೇರ್ಪಟ್ಟ ಮರಿಗೆ ಹಿಂಡಿ ದಿನಕ್ಕೆ 50 ಗ್ರಾಂ, ಹಸಿರು ಮೇವು 150 ಗ್ರಾಂ, ಒಣಹುಲ್ಲು ಬೇಕಾದಷ್ಟು. ಮೊದಲ ವಾರದಲ್ಲಿ ಆ 50ನ್ನೂ ಕೈ ಬಿಗಿಹಿಡಿದೇ ಹಾಕುತ್ತೇನೆ. ಬಟ್ಟಲು ತುಂಬಿಸುವ ಆಸೆ ಎಲ್ಲರಿಗೂ ಇರುತ್ತದೆ. ಮರಿ ಆಸೆಯಿಂದ ಬಾಯಿ ಹಾಕುವಾಗ ತಡೆಯುವುದು ಕಷ್ಟವೇ.

ಬೆಳಗ್ಗೆ ಮೊದಲ ಕೆಲಸ ತಟ್ಟೆ ನೋಡುವುದು. ಗುಂಡಗೆ, ಒಣಗಿದ, ಬೆರಳಲ್ಲಿ ಹಿಚುಕಿದರೆ ಒಡೆದು ಒಳಗೆ ಹುಲ್ಲಿನ ಎಳೆ ಕಾಣುವ ಹಿಕ್ಕೆ ಇದ್ದರೆ ಆ ಪಂಜರ ದಾಟಿ ಮುಂದೆ ಹೋಗುತ್ತೇನೆ. ಹಿಕ್ಕೆ ಚಿಕ್ಕದಾಗಿ ಸಾಸಿವೆಯಂತಾಗಿದ್ದರೆ ನೀರು ಅಥವಾ ನಾರು ಸಾಲದು. ಲೋಳೆಯಿದ್ದರೆ ಮರಿಯನ್ನು ಕೈಗೆತ್ತಿಕೊಳ್ಳಲೇಬೇಕು. ಕುಣಿಯುತ್ತಿದ್ದ ಮರಿ ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂತು ಹಲ್ಲು ಕಡಿಯುತ್ತದೆ, ಹೊಟ್ಟೆಯನ್ನು ಮೆಲ್ಲಗೆ ಅಲುಗಿಸಿದರೆ ಒಳಗೆ ನೀರು ಕುಲುಕಿದ ಸದ್ದು ಬರುತ್ತದೆ. ಆಗ ಹಿಂಡಿ ಪೂರ್ತಿ ನಿಲ್ಲಿಸಿ ಹುಲ್ಲು, ನೀರು ಮಾತ್ರ ಇಟ್ಟು ಪಶುವೈದ್ಯರಿಗೆ ಫೋನ್ ಮಾಡುತ್ತೇನೆ. ಕಾಕ್ಸಿಡಿಯಾ ಎಂಬ ಪರೋಪಜೀವಿ ಇದ್ದರೂ ಇದೇ ಲಕ್ಷಣ ಕಾಣಬಹುದು, ಹಿಕ್ಕೆ ಪರೀಕ್ಷೆಯಾಗದೆ ಗೊತ್ತಾಗುವುದಿಲ್ಲ. ಮೆಡಿಕಲ್ ಅಂಗಡಿಯ ಅಮಾಕ್ಸಿಸಿಲಿನ್ ಮಾತ್ರೆ ಅರೆದು ಕುಡಿಸುವುದನ್ನು ಮಾತ್ರ ಯಾರೂ ಮಾಡಬೇಡಿ. ಮನುಷ್ಯರಿಗೆ ಒಳ್ಳೆಯದಾದ ಆ ಔಷಧಿ ಬಾಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರೀಡಿಯಮ್‌ಗೆ ದಾರಿಯಾಗುತ್ತದೆ.

ನಮ್ಮ ಚಿಕ್ಕಬಳ್ಳಾಪುರದ ಕಡೆ ಹಸಿರಿಗೆ ಬರವಿಲ್ಲ. ರೇಷ್ಮೆ ಹುಳುವಿಗೆ ಹಾಕಿ ಮಿಕ್ಕ ಹಿಪ್ಪುನೇರಳೆ ಸೊಪ್ಪನ್ನು ಮೊಲ ಪ್ರೀತಿಯಿಂದ ತಿನ್ನುತ್ತದೆ, ಪ್ರೋಟೀನೂ ಚೆನ್ನಾಗಿದೆ. ತೋಟಕ್ಕೆ ಔಷಧಿ ಹೊಡೆದಿದ್ದರೆ ಮುಟ್ಟುವುದಿಲ್ಲ. ಮಾರುಕಟ್ಟೆಯಲ್ಲಿ ಬಿಟ್ಟಿ ಸಿಗುವ ಕೋಸು ಎಲೆ ಮರಿಗಳಿಗೆ ಬೇಡ, ಹೊಟ್ಟೆ ಉಬ್ಬುತ್ತದೆ. ಟೊಮೆಟೊ ಗಿಡ, ಆಲೂಗಡ್ಡೆ ಸೊಪ್ಪು ಯಾವ ವಯಸ್ಸಿನ ಮೊಲಕ್ಕೂ ಬೇಡ, ಅದು ವಿಷ. ಸುಬಾಬುಲ್ ಮರದ ಸೊಪ್ಪು ಅಲ್ಪಸ್ವಲ್ಪ ಸಾಕು. ಅದರಲ್ಲಿರುವ ಮಿಮೋಸಿನ್ ಎಂಬ ವಿಷದಿಂದ ಕೂದಲು ಉದುರುತ್ತದೆ. ಮಳೆಯಲ್ಲಿ ಕೊಯ್ದ ಹುಲ್ಲನ್ನು ಬಾಡಿಸಿಯೇ ಹಾಕಬೇಕು. ಕ್ಯಾರೆಟ್ ತಿಂದು ಮೊಲ ದಪ್ಪವಾಗುವುದು ಮಕ್ಕಳ ಚಿತ್ರಪುಸ್ತಕದಲ್ಲಿ ಮಾತ್ರ.

ಏಪ್ರಿಲ್ ಬಿಸಿಲಿಗೆ ಮೊಲ ಮೇವು ಬಿಡುತ್ತದೆ, ಬೆಳವಣಿಗೆಯೂ ನಿಲ್ಲುತ್ತದೆ. ಮೊಲ ಹೆಚ್ಚಾಗಿ ತಿನ್ನುವುದು ರಾತ್ರಿಯಾದ್ದರಿಂದ ಮೂರರಲ್ಲಿ ಎರಡು ಪಾಲು ಮೇವನ್ನು ಸಂಜೆಗೆ ಇಡುತ್ತೇನೆ. ತಿಂದ ಒಣ ಮೇವಿನ ಎರಡರಷ್ಟಾದರೂ ನೀರು ಬೇಕು. ನೀರು ಕುಡಿಯುವ ನಿಪ್ಪಲ್ ಕಟ್ಟಿಕೊಂಡರೆ ಅಂದಿನ ಹಿಂಡಿಯೂ ಹಾಗೆಯೇ ಉಳಿಯುತ್ತದೆ.

ಹೀಗೆ ಸಾಕಿದ ಮರಿ ನಮ್ಮಲ್ಲಿ 12 ವಾರಕ್ಕೆ 2 ಕೆಜಿ ಹತ್ತಿರ ಬರುತ್ತದೆ. ಹಿಂಡಿ ಸುರಿದು 10 ವಾರಕ್ಕೇ ಆ ತೂಕ ತೆಗೆಯುತ್ತೇವೆ ಎನ್ನುವವರಿದ್ದಾರೆ. ಸತ್ತ ಮರಿಗಳನ್ನೂ ಲೆಕ್ಕಕ್ಕೆ ಸೇರಿಸಿ ಹೇಳಿ ಎಂದರೆ ಮಾತು ಬೇರೆ ಕಡೆಗೆ ತಿರುಗುತ್ತದೆ. 12 ವಾರ ದಾಟಿದ ಮೇಲೆ ನಾನು ಇಟ್ಟುಕೊಳ್ಳುವುದಿಲ್ಲ. ಅಲ್ಲಿಂದಾಚೆಗೆ ಒಂದು ಕೆಜಿ ತೂಕಕ್ಕೆ ತಗಲುವ ಮೇವು ಏರುತ್ತಾ ಹೋಗುತ್ತದೆ, ಕೊಳ್ಳುವವರು ಮಾತ್ರ ಕೆಜಿಗೆ ಅದೇ ದರ ಕೊಡುತ್ತಾರೆ.