ಕಬ್ಬಿನ ಸಿಪ್ಪೆಯಿಂದ ಲಿಗ್ನಿನ್ ತೆಗೆಯುವ ವಿಧಾನ

ಒಣಗಿದ ಕಬ್ಬಿನ ಸಿಪ್ಪೆಯ ತೂಕದಲ್ಲಿ ಶೇ 20ರಿಂದ 25ರಷ್ಟು ಲಿಗ್ನಿನ್ ಇರುತ್ತದೆ. ನಾರುಗಳನ್ನು ಬೆಸೆದು ಕಾಂಡಕ್ಕೆ ಗಟ್ಟಿತನ ಕೊಡುವುದು ಇದೇ. ಬೇರ್ಪಡಿಸಿದರೆ ಪ್ಲೈವುಡ್ ಅಂಟಿನಲ್ಲಿ ಸ್ವಲ್ಪ ಫೀನಾಲ್‌ಗೆ ಬದಲಿಯಾಗುತ್ತದೆ. ಉರಿಸಿದರೆ ಕಿಲೋಗೆ ಸುಮಾರು 25 ಮೆಗಾಜೂಲ್ ಶಾಖ ಕೊಡುತ್ತದೆ. ಒಣ ಸಿಪ್ಪೆ ಕೊಡುವುದು 17–18. ಇಲ್ಲಿರುವ ಅಳತೆ ಕಾಲೇಜು ಪ್ರಯೋಗಾಲಯಕ್ಕೆ. ಅಡುಗೆಮನೆಯಲ್ಲಿ ಮಾಡಬೇಡಿ.

ಆಲೆಮನೆಯ ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ, ಅದು ಮುಂದೆ ಹಾಕುವ ಕ್ಷಾರವನ್ನು (ಕಾಸ್ಟಿಕ್ ಸೋಡಾ) ತಿಂದುಹಾಕುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿ, 1–2 ಮಿ.ಮೀ. ಪುಡಿ ಮಾಡಿಕೊಳ್ಳಿ. ಕಬ್ಬಿನ ತರಗು, ಭತ್ತದ ಹುಲ್ಲು ಬೇಡ. ಅವುಗಳಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಹೆಚ್ಚು, ಕೊನೆಗೆ ಲಿಗ್ನಿನ್ ಜೊತೆಯಲ್ಲೇ ತಳಕ್ಕೆ ಬರುತ್ತದೆ.

1 ಲೀಟರ್ ನೀರಿನಲ್ಲಿ 20 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, 100 ಗ್ರಾಂ ಪುಡಿಯನ್ನು ಒತ್ತಿ ನೆನೆಸಿ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಬೇಯಿಸುವ ಪ್ರಯೋಗಾಲಯದ ಪಾತ್ರೆ) 121 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲ್‌ನದೇ ಆಗಿರಲಿ. ಅಲ್ಯುಮಿನಿಯಂ ಆದರೆ ಸೋಡಾದಲ್ಲಿ ಕರಗಿ ಹೈಡ್ರೋಜನ್ ಹೊರಬಿಡುತ್ತದೆ, ಮುಚ್ಚಿದ ಪಾತ್ರೆಯಲ್ಲಿ ಅದು ಸ್ಫೋಟಕ್ಕೆ ದಾರಿ. ಒತ್ತಡ ತಾನಾಗಿ ಇಳಿಯುವವರೆಗೆ ಕಾದು, ಬಟ್ಟೆಯಲ್ಲಿ ಸೋಸಿ, ನಾರನ್ನು 300 ಮಿ.ಲೀ. ಬಿಸಿನೀರಿನಲ್ಲಿ ತೊಳೆದು ಆ ನೀರನ್ನೂ ಸೇರಿಸಿ. ಸಿಕ್ಕ ಕಪ್ಪು ದ್ರವದಲ್ಲಿ ಲಿಗ್ನಿನ್ ಕರಗಿದೆ. ಉಳಿದ ನಾರು ಕಾಗದಕ್ಕೆ ಒದಗುತ್ತದೆ.

ಇನ್ನು ಮುಂದಿನದೇ ನಿಜವಾದ ಕೆಲಸ, ಹೆಚ್ಚಿನವರು ಕೆಡಿಸಿಕೊಳ್ಳುವುದೂ ಇಲ್ಲೇ. ಶೇ 10ರ ಗಂಧಕಾಮ್ಲ ಸುಮಾರು 250 ಮಿ.ಲೀ. ಬೇಕಾಗುತ್ತದೆ. ಅದನ್ನು ತಯಾರಿಸುವಾಗ ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಕಪ್ಪು ದ್ರವವನ್ನು 60 ಡಿಗ್ರಿಗೆ ಕಾಯಿಸಿ, ಕಲಕುತ್ತಾ ಆಮ್ಲವನ್ನು ಹನಿಹನಿಯಾಗಿ ಬಿಡಿ. ನೊರೆ ಉಕ್ಕುತ್ತದೆ, ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಪಿಹೆಚ್ 2ಕ್ಕೆ ಇಳಿದಾಗ ನಿಲ್ಲಿಸಿ. ಅವಸರ ಮಾಡಿದರೆ, ಅಥವಾ ದ್ರವ ತಣ್ಣಗಿದ್ದರೆ, ಲಿಗ್ನಿನ್ ನುಣ್ಣನೆಯ ಲೋಳೆಯಾಗಿ ಫಿಲ್ಟರ್ ಕಾಗದದ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬಿಸಿಯಲ್ಲಿ ನಿಧಾನವಾಗಿ ಇಳಿಸಿದರೆ ಕಣಗಳು ಕೂಡಿಕೊಂಡು ದಪ್ಪವಾಗುತ್ತವೆ. ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಬಗ್ಗಿಸಿ, ಆಮೇಲೆ ಸೋಸಿ.

ಕಾಗದ ಕಾರ್ಖಾನೆಯ ಕ್ರಾಫ್ಟ್ ವಿಧಾನದ (ಕಾಸ್ಟಿಕ್ ಸೋಡಾ ಜೊತೆ ಸೋಡಿಯಂ ಸಲ್ಫೈಡ್ ಹಾಕಿ ಬೇಯಿಸುವುದು) ಕಪ್ಪು ದ್ರವಕ್ಕೆ ಹೀಗೆ ಆಮ್ಲ ಹಾಕಲೇಬೇಡಿ. ಅದರಲ್ಲಿರುವ ಸಲ್ಫೈಡ್‌ನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಪ್ರಾಣ ತೆಗೆಯುವ ಅನಿಲ ಅದು.

ತೊಳೆಯುವ ನೀರಿಗೂ ಒಂದೆರಡು ಹನಿ ಆಮ್ಲ ಹಾಕಿ ಪಿಹೆಚ್ 2ಕ್ಕೆ ತನ್ನಿ. ಬರೀ ನೀರು ಹಾಕಿದರೆ ಲಿಗ್ನಿನ್ ಮತ್ತೆ ಚದುರಿ ಫಿಲ್ಟರ್‌ನಿಂದ ಜಾರಿಹೋಗುತ್ತದೆ. ಮೂರು ಸಲವಾದರೂ ತೊಳೆಯಿರಿ, ಇಲ್ಲದಿದ್ದರೆ ಸೋಡಿಯಂ ಸಲ್ಫೇಟ್ ಉಳಿದು ತೂಕ ಸುಳ್ಳಾಗುತ್ತದೆ. 45 ಡಿಗ್ರಿಯಲ್ಲಿ ಒಣಗಿಸಿ. ಹಸಿ ಇರುವಾಗಲೇ ಹೆಚ್ಚು ಕಾಯಿಸಿದರೆ ಮೆತ್ತಗಾಗಿ ಗಟ್ಟಿ ಹೆಂಟೆ ಕಟ್ಟುತ್ತದೆ.

ಸಿಪ್ಪೆಯಲ್ಲಿದ್ದ ಲಿಗ್ನಿನ್‌ನ ಅರ್ಧ, ಅಂದರೆ ಸುಮಾರು 10 ಗ್ರಾಂ ಕಂದು ಪುಡಿ ಸಿಕ್ಕರೆ ಒಳ್ಳೆಯ ಫಲವೇ. 20 ಗ್ರಾಂ ಬಂತೆಂದರೆ ಹಿಗ್ಗುವ ಮೊದಲು ಅನುಮಾನಪಡಿ. ಒಂದು ಚಿಟಿಕೆ ಪುಡಿಯನ್ನು ಶೇ 1ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ ನೋಡಿ, ತಳದಲ್ಲಿ ಉಳಿದದ್ದು ನಾರು. ಸಿಲಿಕಾ, ಲವಣ ಎಷ್ಟಿದೆ ಎಂಬುದನ್ನು 575 ಡಿಗ್ರಿಯಲ್ಲಿ ಸುಟ್ಟು ಉಳಿಯುವ ಬೂದಿಯ ತೂಕ ಹೇಳುತ್ತದೆ.

ಸೋಸಿದ ಆಮ್ಲೀಯ ನೀರಿಗೆ ಸುಣ್ಣ ಬೆರೆಸಿ ಪಿಹೆಚ್ 7ಕ್ಕೆ ತಂದು ಪ್ರಯೋಗಾಲಯದ ತ್ಯಾಜ್ಯಕ್ಕೆ ಕೊಡಿ. ಅದರಲ್ಲಿ ಲವಣ ಮತ್ತು ಕರಗಿದ ಸಾವಯವ ಪದಾರ್ಥ ತುಂಬ ಇರುತ್ತದೆ, ಕಾಲುವೆಗೋ ಗದ್ದೆಗೋ ಬಿಡುವಂಥದ್ದಲ್ಲ.