ಹೊಸ ಲೈನಿನಲ್ಲಿ ಡ್ರೈವ್ ಸಂಪರ್ಕ ಪದೇ ಪದೇ ತಪ್ಪುತ್ತಿತ್ತು: ನನ್ನ ಅನುಭವ

ಹೊಸ ಕನ್ವೇಯರ್ ಲೈನ್. ಒಂದು ಪಿಎಲ್‌ಸಿ (ಲೈನ್ ನಡೆಸುವ ಕಂಟ್ರೋಲರ್), ಆರು ಡ್ರೈವ್ (ಮೋಟರ್ ವೇಗ ನಿಯಂತ್ರಿಸುವ ಸಾಧನ), ನಡುವೆ ಆರ್‌ಎಸ್-485 ಎಂಬ ಬಗೆಯ ಕೇಬಲ್‌ನಲ್ಲಿ ಮಾಡ್‌ಬಸ್ (ಇವು ಪರಸ್ಪರ ಮಾತಾಡುವ ಭಾಷೆ). ಮೋಟರ್ ನಿಂತಿದ್ದಾಗ ಎಲ್ಲಾ ಸರಿ. ನಾಲ್ಕೈದು ಮೋಟರ್ ಒಟ್ಟಿಗೆ ಓಡಿದರೆ ಸಾಕು, ಯಾವುದೋ ಒಂದು ಡ್ರೈವ್ ಟೈಮ್‌ಔಟ್ (ಸಮಯಕ್ಕೆ ಸಂದೇಶ ಬಂದಿಲ್ಲ ಎಂಬ ದೋಷ) ತೋರಿಸಿ ಲೈನ್ ನಿಲ್ಲುತ್ತಿತ್ತು.

ಸಂದೇಶದ ವೇಗವನ್ನು ಸೆಕೆಂಡಿಗೆ 19200 ಬಿಟ್‌ನಿಂದ 9600ಕ್ಕೆ ಇಳಿಸಿದೆ. ಟೈಮ್‌ಔಟ್ ಸಮಯ ಜಾಸ್ತಿ ಮಾಡಿದೆ. ಪಿಎಲ್‌ಸಿ ಪೋರ್ಟ್ ಬದಲಿಸಿದೆ. ಒಂದು ಡ್ರೈವನ್ನೇ ಸುಮ್ನೆ ಬದಲಾಯಿಸಿದ್ದೂ ಆಯಿತು. ಯಾವುದೂ ಕೆಲಸ ಮಾಡಲಿಲ್ಲ.

ಕೊನೆಗೆ ಮೀಟರ್ ಹಿಡಿದೆ. ತರಬೇತಿಯಲ್ಲಿ ಸ್ಕ್ರೀನ್ ಒತ್ತುವುದನ್ನಷ್ಟೇ ಹೇಳಿಕೊಟ್ಟಿದ್ದರು, ಇದನ್ನಲ್ಲ. ಮೊದಲು ಪೂರ್ತಿ ಪವರ್ ಆಫ್ ಮಾಡಿ, ಡ್ರೈವ್ ಮೇಲೆ ಬರೆದಿರುವಷ್ಟು ನಿಮಿಷ ಕಾಯಬೇಕು. ಅದರೊಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಆಮೇಲೆ ಕೇಬಲ್‌ನ ಎ ಮತ್ತು ಬಿ ತಂತಿಗಳ ನಡುವೆ ಓಮ್ ಅಳೆದೆ. ಎರಡು ತುದಿಗೆ ಒಂದೊಂದು 120 ಓಮ್ ರೆಸಿಸ್ಟರ್ (ಸಿಗ್ನಲ್ ತುದಿಯಿಂದ ವಾಪಸ್ ಪುಟಿಯದಂತೆ ತಡೆಯುವುದು) ಇದ್ದರೆ ಸುಮಾರು 60 ಬರಬೇಕು, ಅಲ್ವಾ? ನನಗೆ ಬಂದದ್ದು 40. ಅಂದರೆ ಎಲ್ಲೋ ಮೂರನೆಯದೂ ಸೇರಿಕೊಂಡಿದೆ.

ಮುಚ್ಚಳ ತೆಗೆದು ನೋಡಿದರೆ ಮೂರನೇ ಡ್ರೈವ್‌ನಲ್ಲಿ ಈ ರೆಸಿಸ್ಟರ್ ಜೋಡಿಸುವ ಚಿಕ್ಕ ಬಿಳಿ ಡಿಪ್ ಸ್ವಿಚ್ ಆನ್ ಆಗಿತ್ತು. ಉಗುರಿನಿಂದ ತಳ್ಳಿ ಆಫ್ ಮಾಡಿದೆ. ಮೀಟರ್ 60ಕ್ಕೆ ಬಂತು. ಈಗ ಪಿಎಲ್‌ಸಿ ತುದಿ ಮತ್ತು ಆರನೇ ಡ್ರೈವ್, ಇವೆರಡರಲ್ಲಿ ಮಾತ್ರ ರೆಸಿಸ್ಟರ್ ಆನ್. ಐದನೇ ಡ್ರೈವ್‌ಗೆ ಕವಲು ತೆಗೆದಿದ್ದ ಉದ್ದದ ತಂತಿ ಕಿತ್ತು, ನಾಲ್ಕರಿಂದ ಐದು, ಐದರಿಂದ ಆರು ಎಂದು ಸಾಲಾಗಿ ಜೋಡಿಸಿದೆ. ವೇಗವನ್ನು ಮತ್ತೆ 19200ಕ್ಕೆ ಏರಿಸಿದೆ. ಆಮೇಲೆ ಆರೂ ಮೋಟರ್ ಒಟ್ಟಿಗೆ ಓಡಿದರೂ ಟೈಮ್‌ಔಟ್ ಬಂದಿಲ್ಲ.