ಘಾಟ್ ಇಳಿಯುವ ಕಾರಿಗೆ ಬ್ರೇಕ್ ಬಲಪಡಿಸುವ ಕ್ರಮ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಕಾರುಗಳು ವಾರವಿಡೀ ಹಿಂಜವಡಿಯ ಸಿಗ್ನಲುಗಳಲ್ಲಿ ತೆವಳಿದರೂ ಹಬ್ಬ, ಮದುವೆ, ರಜೆ ಎಂದರೆ ಘಾಟ್ ದಾರಿ ಹಿಡಿಯಲೇಬೇಕು. ಬೆಳಗಾವಿ, ಹುಬ್ಬಳ್ಳಿಗೆ ಖಂಬಾಟ್ಕಿ, ಗೋವಾಕ್ಕೆ ಅಂಬೋಲಿ ಅಥವಾ ಚೋರ್ಲಾ, ಮುಂಬೈಗೆ ಬೋರ್ ಘಾಟ್. ಐದು ಜನ ಕುಳಿತು, ಡಿಕ್ಕಿಯ ತುಂಬ ಸಾಮಾನು ಹೇರಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾದ ಅಥವಾ ಸುಟ್ಟ ವಾಸನೆ ಬಂದ ಅನುಭವ ಹಲವರಿಗಿದೆ. ಮನೆ ಮುಟ್ಟಿದ ಮರುದಿನವೇ ಅವರು ಕೆಂಪು ಬಣ್ಣದ ದೊಡ್ಡ ಕ್ಯಾಲಿಪರುಗಳ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಭಾಗ) ಬೆಲೆ ವಿಚಾರಿಸತೊಡಗುತ್ತಾರೆ. ಹಣ ಖರ್ಚು ಮಾಡುವ ಸರಿಯಾದ ಕ್ರಮ ಬಹುಮಟ್ಟಿಗೆ ಇದಕ್ಕೆ ತಿರುವುಮುರುವಾಗಿದ್ದು, ಅಲ್ಲಿ ಕ್ಯಾಲಿಪರಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬಂದರೆ ಮಾತ್ರ.

ಬ್ರೇಕ್ ಮಾಡುವ ಕೆಲಸವೆಂದರೆ ಕಾರಿನ ಚಲನೆಯನ್ನು ಶಾಖವಾಗಿ ಬದಲಿಸಿ ಆ ಶಾಖವನ್ನು ಗಾಳಿಗೆ ಬಿಡುವುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಿಂದ ಕಾರನ್ನು ಒಮ್ಮೆ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖವನ್ನೂ, ಬೋರ್ ಘಾಟಿನಲ್ಲಿ ಸುಮಾರು 500 ಮೀಟರ್ ಎತ್ತರವನ್ನು ಬ್ರೇಕ್ ಒತ್ತಿಕೊಂಡೇ ಇಳಿದಾಗ ಹುಟ್ಟುವ ಶಾಖವನ್ನೂ ಲೆಕ್ಕ ಹಾಕಿ ಹೋಲಿಸಿದರೆ, ಎರಡನೆಯದು ಮೊದಲನೆಯದರ ಹನ್ನೆರಡು ಪಟ್ಟಿಗಿಂತಲೂ ಹೆಚ್ಚು. ಕಾರಿನ ತೂಕ ಎಷ್ಟೇ ಇದ್ದರೂ ಈ ಅನುಪಾತ ಬದಲಾಗುವುದಿಲ್ಲ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಈ ಹೊರೆಯ ದೊಡ್ಡ ಪಾಲನ್ನು ಎಂಜಿನ್ನೇ ಹೊರುತ್ತದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆಟೋಮ್ಯಾಟಿಕ್ ಕಾರಿನವರು ಘಾಟಿನಲ್ಲಿ ಡಿ ಸ್ಥಾನ ಬಿಟ್ಟು ಮ್ಯಾನುಯಲ್ ಅಥವಾ ಕೆಳಗಿನ ಗೇರಿನ ಸ್ಥಾನಕ್ಕೆ ಬರಬೇಕು. ಸಾತಾರದ ಕಡೆಯಿಂದ ಬರುವಾಗ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲಿಗೆ ಹಾಕುವವರಿಗೆ ಯಾವ ಕಂಪನಿಯ ಬ್ರೇಕೂ ಸಾಲದು.

ನಿಲ್ಲುವ ದೂರದ ಮಾತು ಬೇರೆ. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತದ ಅಂಕ 0.8 ಎಂದಿಟ್ಟುಕೊಂಡರೆ 100 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ಸುಮಾರು 49 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಆ ಅಂಕ 0.5ಕ್ಕೆ ಇಳಿದರೆ ಸುಮಾರು 79 ಮೀಟರ್ ಬೇಕು. ಚಾಲಕನ ಕಾಲು ಪೆಡಲಿಗೆ ಬರಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಕಾರು ಇನ್ನೂ 28 ಮೀಟರ್ ಸಾಗಿರುತ್ತದೆ. ನಿಮ್ಮ ಕಾರಿನ ಈಗಿನ ಬ್ರೇಕ್ ಜೋರಾಗಿ ಒತ್ತಿದಾಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು, ಅಂದರೆ ಚಕ್ರ ಲಾಕ್ ಆಗುವ ಅಂಚಿಗೆ ಬರುವಷ್ಟು ಹಿಡಿಯುತ್ತಿದ್ದರೆ, ಅದಕ್ಕಿಂತ ಬಲವಾದ ಬ್ರೇಕ್ ಹಾಕಿದರೂ ಒಂದು ಸಲದ ನಿಲುಗಡೆಯ ದೂರ ಕಡಿಮೆಯಾಗುವುದಿಲ್ಲ. ಅಲ್ಲಿ ಮಿತಿ ಟೈರಿನದು. ಆದ್ದರಿಂದ ಗಟ್ಟಿಯಾದ ಹಳೆಯ ಟೈರುಗಳನ್ನಿಟ್ಟುಕೊಂಡು ಬ್ರೇಕಿಗೆ ಹಣ ಸುರಿಯುವುದು ವ್ಯರ್ಥ. ಪರ್ಫಾರ್ಮೆನ್ಸ್ ಭಾಗಗಳಿಂದ ನಿಜವಾಗಿ ಸಿಗುವ ಲಾಭವೆಂದರೆ ಬಿಸಿಯಾದ ಮೇಲೂ ಕುಂದದ ಹಿಡಿತ ಮತ್ತು ಪೆಡಲಿನ ಭರವಸೆ. ಘಾಟ್ ಇಳಿಯುವವರಿಗೆ ಬೇಕಾದದ್ದೂ ಅದೇ.

ಮೊದಲು ಇರುವುದನ್ನು ಪರೀಕ್ಷಿಸಿ

ಹೊಸದನ್ನು ಕೊಳ್ಳುವ ಮುನ್ನ ಈಗಿನ ಬ್ರೇಕ್ ತನ್ನ ಮೂಲ ಸ್ಥಿತಿಯಲ್ಲಿದೆಯೇ ಎಂದು ನೋಡಬೇಕು. ಮುಂಬೈ ಮತ್ತು ಗೋವಾದ ಉಪ್ಪುಗಾಳಿಯಲ್ಲಿ ಓಡಿದ ಕಾರುಗಳಲ್ಲಿ ಕ್ಯಾಲಿಪರ್ ಅತ್ತಿತ್ತ ಜಾರಲು ನೆರವಾಗುವ ಸ್ಲೈಡ್ ಪಿನ್ನುಗಳು ತುಕ್ಕು ಹಿಡಿದು ಬಿಗಿಯಾಗಿರುತ್ತವೆ. ಆಗ ಒಳಗಿನ ಪ್ಯಾಡ್ ಮಾತ್ರ ಸವೆದು ಹೊರಗಿನದು ಹೊಸದರಂತೆ ಉಳಿಯುತ್ತದೆ, ಒಂದು ಚಕ್ರ ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗುತ್ತದೆ. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕನ್ನು ಲೇತಿನಲ್ಲಿ ಉಜ್ಜಿಸಿ ಮತ್ತೆ ಹಾಕುವುದು ಸಲ್ಲದು, ಏಕೆಂದರೆ ಶಾಖವನ್ನು ಹೀರಿಕೊಳ್ಳಬೇಕಾದ ಲೋಹವೇ ಅಲ್ಲಿ ಉಳಿದಿರುವುದಿಲ್ಲ. ಹಿಂದಿನ ಚಕ್ರಗಳಲ್ಲಿ ಡ್ರಮ್ ಇದ್ದರೆ ಲೈನರ್ ಸವೆತ, ಅಡ್ಜಸ್ಟರ್ ಮತ್ತು ವೀಲ್ ಸಿಲಿಂಡರಿನ ಸೋರಿಕೆಯನ್ನು ಒಮ್ಮೆ ನೋಡಿಸಿ. ಡ್ರಮ್ ತೆಗೆಸಿ ಡಿಸ್ಕ್ ಹಾಕಿಸುವ ಆಸೆಯನ್ನು ಬಿಡುವುದು ಲೇಸು: ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳಲ್ಲೇ ನಡೆಯುತ್ತದೆ, ಹ್ಯಾಂಡ್‌ಬ್ರೇಕಿನ ವ್ಯವಸ್ಥೆ ಮತ್ತು ಎಬಿಎಸ್ ಲೆಕ್ಕಾಚಾರ ಎರಡೂ ಕದಡುತ್ತವೆ.

ಬ್ರೇಕ್ ಆಯಿಲ್: ಕಡಿಮೆ ಖರ್ಚು, ಹೆಚ್ಚು ಫಲ

ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದಕ್ಕೆ ಬಹುಪಾಲು ಕಾರಣ ಬ್ರೇಕ್ ಆಯಿಲ್ ಕುದಿಯುವುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕ್ಯಾಲಿಪರಿನೊಳಗೆ ಆವಿ ಹುಟ್ಟಿದರೆ ಕಾಲಿನ ಬಲವೆಲ್ಲ ಅದನ್ನು ಕುಗ್ಗಿಸಲು ಹೋಗಿ ಪ್ಯಾಡಿಗೆ ತಲುಪುವುದಿಲ್ಲ. ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಗ್ಲೈಕಾಲ್ ಆಧಾರದ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಶೇಕಡ 3.7ರಷ್ಟು ನೀರು ಸೇರಿದ ಮೇಲೆ 140 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಎಂಬುದು ನಿಯಮ. ಡಾಟ್ 4ಕ್ಕೆ ಈ ಅಂಕಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಕೊಂಕಣದ ನಾಲ್ಕು ತಿಂಗಳ ಮಳೆಗಾಲವನ್ನು ಕಂಡವರಿಗೆ ಎರಡನೆಯ ಅಂಕವೇ ಮುಖ್ಯವಾದದ್ದೆಂದು ಬೇರೆ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಆಯಿಲನ್ನು ಪೂರ್ತಿ ಬದಲಿಸಿ. ಕಾರಿನ ತಯಾರಕರು ಡಾಟ್ 3 ಹೇಳಿದ್ದರೆ ಒಳ್ಳೆಯ ಡಾಟ್ 4 ಹಾಕುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲವಾದರೂ ಕೈಪಿಡಿಯನ್ನೊಮ್ಮೆ ನೋಡಿಕೊಳ್ಳಿ. ಬರಿಯ ಡಾಟ್ 5 ಎಂಬುದು ಸಿಲಿಕೋನ್ ದ್ರವ. ಹೆಸರು ಹತ್ತಿರವಿದೆಯೆಂದು ಅದನ್ನು 5.1ರ ಬದಲಿಗೆ ಎಂದೂ ಸುರಿಯಬಾರದು. ಹಿಂದೆಂದೋ ಮುಚ್ಚಳ ತೆರೆದಿಟ್ಟ ಡಬ್ಬಿಯ ಆಯಿಲನ್ನೂ ಬಳಸಬಾರದು.

ಪ್ಯಾಡುಗಳ ಆಯ್ಕೆ

ಎರಡನೆಯ ಖರ್ಚು ಪ್ಯಾಡಿನದು. ಹಲವು ಪ್ಯಾಡುಗಳ ಅಂಚಿನಲ್ಲಿ ಅಚ್ಚಾದ ಸಂಕೇತದ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನ ಘರ್ಷಣೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್ಇ ಎಂದಿದ್ದರೆ ಬಿಸಿಯಾದಾಗ ಹಿಡಿತ ಇಳಿಯಬಹುದು; ಎಫ್ಎಫ್ ಅಥವಾ ಜಿಜಿ ಎಂದಿದ್ದರೆ ಒಂದೇ ಮಟ್ಟದಲ್ಲಿ ಉಳಿಯಬೇಕು. ಇದು ಸ್ಥೂಲ ಸೂಚನೆಯೇ ಹೊರತು ಗುಣಮಟ್ಟದ ಪ್ರಮಾಣಪತ್ರವಲ್ಲ. ಸೆಮಿ ಮೆಟಾಲಿಕ್ ಪ್ಯಾಡುಗಳು ಬಿಸಿಯನ್ನು ಚೆನ್ನಾಗಿ ತಾಳುತ್ತವೆ, ಆದರೆ ಸದ್ದು ಮತ್ತು ಕಪ್ಪು ಧೂಳು ಹೆಚ್ಚು. ಸೆರಾಮಿಕ್ ಪ್ಯಾಡುಗಳು ಶಾಂತ, ಚೊಕ್ಕಟ.

ರೇಸಿಂಗ್ ಪ್ಯಾಡುಗಳನ್ನು ಊರಿನ ಕಾರಿಗೆ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅವು ಬಿಸಿಯಾದ ಮೇಲೆಯೇ ಹಿಡಿಯುವಂಥವು. ಬೆಳಿಗ್ಗೆ ಕೊಥರೂಡಿನ ಗಲ್ಲಿಯಿಂದ ಹೊರಬೀಳುವಾಗ ಶಾಲೆಯ ಮಗು ಅಡ್ಡ ಬಂದರೆ ಬೇಕಾಗುವುದು ತಣ್ಣಗಿರುವಾಗಲೇ ಹಿಡಿಯುವ ಪ್ಯಾಡ್. ಪೆಟ್ಟಿಗೆಯ ಮೇಲೆ ರಸ್ತೆ ಬಳಕೆಗೆಂದು ಸ್ಪಷ್ಟವಾಗಿ ಹೇಳಿರುವ, ತನ್ನ ಪ್ಯಾಡ್ ಎಷ್ಟರಿಂದ ಎಷ್ಟು ಡಿಗ್ರಿವರೆಗೆ ಸರಿಯಾಗಿ ಹಿಡಿಯುತ್ತದೆಂದು ತಯಾರಕರು ಪ್ರಕಟಿಸಿರುವ ಪ್ಯಾಡನ್ನೇ ಆರಿಸಿಕೊಳ್ಳಿ.

ಡಿಸ್ಕ್, ಹೋಸ್, ದೊಡ್ಡ ಕಿಟ್

ತೂತು ಕೊರೆದ ಡಿಸ್ಕುಗಳು ನೋಡಲು ಚೆಂದ, ಆದರೆ ಬಿಸಿ-ತಂಪಿನ ಆವರ್ತನದಲ್ಲಿ ತೂತಿನ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಗೀರು ಕೊರೆದ ಸ್ಲಾಟೆಡ್ ಡಿಸ್ಕು ಅದಕ್ಕಿಂತ ವಾಸಿ. ಪ್ಯಾಡಿನ ಮೇಲ್ಮೈಯನ್ನು ಹೆರೆದು ಹೊಳಪುಗಟ್ಟದಂತೆ ನೋಡಿಕೊಳ್ಳುತ್ತದೆ, ಬದಲಿಗೆ ಪ್ಯಾಡನ್ನು ಬೇಗ ತಿನ್ನುತ್ತದೆ. ನಮ್ಮ ರಸ್ತೆಗಳಿಗೆ ಒಳ್ಳೆಯ ಎರಕದ, ಗಾಳಿಯಾಡುವ, ನಯವಾದ ಡಿಸ್ಕೇ ಸಾಕು. ಒಳಗೆ ಟೆಫ್ಲಾನ್, ಹೊರಗೆ ಉಕ್ಕಿನ ಹೆಣಿಗೆಯಿರುವ ಹೋಸುಗಳು (ಕ್ಯಾಲಿಪರಿಗೆ ಆಯಿಲ್ ಒಯ್ಯುವ ಬಾಗುವ ನಳಿಕೆಗಳು) ಒತ್ತಡಕ್ಕೆ ಉಬ್ಬುವುದಿಲ್ಲವಾದ್ದರಿಂದ ಪೆಡಲ್ ಗಟ್ಟಿಯಾಗಿ ಅನ್ನಿಸುತ್ತದೆ. ಹಳೆಯ ರಬ್ಬರ್ ಹೋಸು ಬಿರುಕು ಬಿಟ್ಟಿದ್ದರೆ ಆಗಲೇ ಬದಲಿಸಿ; ಚೆನ್ನಾಗಿದ್ದರೆ ಅವಸರವಿಲ್ಲ.

ದೊಡ್ಡ ಡಿಸ್ಕು, ನಾಲ್ಕು ಅಥವಾ ಆರು ಪಿಸ್ಟನ್ನಿನ ಕ್ಯಾಲಿಪರ್ ಇರುವ ಕಿಟ್ ಕೊಳ್ಳುವವರು ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣ ಹೆಚ್ಚಾದರೆ ಅವನ್ನು ತಳ್ಳಲು ಹೆಚ್ಚು ಆಯಿಲ್ ಬೇಕಾಗಿ, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದಲ್ಲಿ ಪೆಡಲ್ ಉದ್ದಕ್ಕೆ ಹೋಗುತ್ತದೆ. ಮುಂದಿನ ಬ್ರೇಕ್ ಮಾತ್ರ ಬಲವಾದರೆ ಮುಂದಿನ ಚಕ್ರಗಳು ಬೇಗ ಮಿತಿ ಮುಟ್ಟಿ, ಹಿಂದಿನವು ತಮ್ಮ ಪಾಲಿನ ಕೆಲಸ ಮಾಡದೆ ಉಳಿದು, ನಿಲ್ಲುವ ದೂರ ಹೆಚ್ಚಾಗುವುದೂ ಉಂಟು. ಇನ್ನು, 14 ಅಥವಾ 15 ಅಂಗುಲದ ರಿಮ್ಮಿನೊಳಗೆ ಅದು ಕೂರುವುದೇ ಎಂಬುದು ಮೂರನೆಯದು. ಒಳ್ಳೆಯ ತಯಾರಕರು ಇದಕ್ಕಾಗಿ ಕತ್ತರಿಸಿ ಅಳೆದು ನೋಡುವ ಕಾಗದದ ಮಾದರಿಯನ್ನು ಕೊಡುತ್ತಾರೆ. ಇದೆಲ್ಲಕ್ಕಿಂತ ಜಾಣ ದಾರಿ, ನಿಮ್ಮದೇ ಮಾದರಿಯ ಹೆಚ್ಚು ಶಕ್ತಿಯ ಅವತರಣಿಕೆಯಲ್ಲಿ ಕಂಪನಿಯೇ ದೊಡ್ಡ ಬ್ರೇಕ್ ಹಾಕಿದ್ದರೆ ಆ ಮೂಲ ಭಾಗಗಳು ನಿಮ್ಮ ಕಾರಿಗೆ ಹೊಂದುತ್ತವೆಯೇ ಎಂದು ಭಾಗಸಂಖ್ಯೆ ಹಿಡಿದು ವಿಚಾರಿಸುವುದು.

ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಳ್ಳೆಯದೂ ಸಿಗುತ್ತದೆ, ಹೆಸರಾಂತ ಕಂಪನಿಯ ಪೆಟ್ಟಿಗೆಯಲ್ಲಿಟ್ಟ ನಕಲಿಯೂ ಸಿಗುತ್ತದೆ. ಅರ್ಧ ಬೆಲೆಗೆ ಬಂದ ಪ್ಯಾಡನ್ನು ಸಂಶಯದಿಂದ ನೋಡಿ, ಜಿಎಸ್‌ಟಿ ಬಿಲ್ ಕೇಳಿ, ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಪ್ಯಾಡಿನ ಬೆನ್ನಿನ ಮೇಲಿರುವುದಕ್ಕೆ ತಾಳೆಯಾಗುವುದೇ ಎಂದು ನೋಡಿ.

ಜೋಡಿಸುವ ಕೆಲಸ

ಪಾನಾ ಹಿಡಿದು ಅಭ್ಯಾಸವಿರುವವರು ಪ್ಯಾಡ್ ಮತ್ತು ಡಿಸ್ಕುಗಳನ್ನು ಮನೆಯಲ್ಲೇ ಬದಲಿಸಬಹುದು. ಅಭ್ಯಾಸವಿಲ್ಲದವರು ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಮುಂದಿನ ಸಂಗತಿಗಳು ನಡೆಯುತ್ತವೆಯೇ ಎಂದು ಗಮನಿಸಲಿ. ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕ್ ಏರಿಸಿದ ಮೇಲೆ ಆಕ್ಸಲ್ ಸ್ಟ್ಯಾಂಡಿನ ಮೇಲೆ ಕಾರನ್ನು ಕೂರಿಸಬೇಕು. ಬರಿಯ ಜಾಕಿನ ಭರವಸೆಯಲ್ಲಿ ಕೆಳಗೆ ಕೈ ಹಾಕಬಾರದು. ಒಂದು ಪಕ್ಕವನ್ನು ಪೂರ್ತಿ ಮುಗಿಸಿಯೇ ಇನ್ನೊಂದನ್ನು ಬಿಚ್ಚಿ, ಗೊಂದಲವಾದಾಗ ನೋಡಿಕೊಳ್ಳಲು ಇನ್ನೊಂದು ಬದಿ ಇರುತ್ತದೆ. ಬಿಚ್ಚಿದ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಹೋಸಿನ ಮೇಲೆ ತೂಗಬಿಟ್ಟರೆ ಅದರ ಒಳಪದರ ಹರಿಯುತ್ತದೆ. ಧೂಳನ್ನು ಗಾಳಿ ಊದಿ ಹಾರಿಸದೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ.

ಹೊಸ ಡಿಸ್ಕು ಅದುರುತ್ತದೆಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಹಬ್ಬಿನ (ಡಿಸ್ಕ್ ಮತ್ತು ಚಕ್ರ ಕೂರುವ ನಡುಭಾಗ) ಮುಖದ ಮೇಲೆ ಉಳಿದ ತುಕ್ಕು. ಅದನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ಡಿಸ್ಕಿಗೆ ಕಾರ್ಖಾನೆಯಲ್ಲಿ ಬಳಿದ ಎಣ್ಣೆಯನ್ನು ಒರೆಸಿ, ಆಮೇಲೆ ಕೂರಿಸಿ. ಸ್ಲೈಡ್ ಪಿನ್ನುಗಳಿಗೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವಾಗ ಮೇಲೆ ಬಾನೆಟ್ಟಿನಡಿ ಇರುವ ಬ್ರೇಕ್ ಆಯಿಲಿನ ಡಬ್ಬಿಯಿಂದ ಆಯಿಲ್ ಉಕ್ಕಿ ಕಾರಿನ ಬಣ್ಣ ತಿನ್ನದಂತೆ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಲ್ಲಿ ಹಿಂದಿನ ಕ್ಯಾಲಿಪರನ್ನು ಸರ್ವಿಸ್ ಮೋಡಿಗೆ ಹಾಕದೆ ಒತ್ತಿದರೆ ಮೋಟಾರು ಹಾಳಾಗುತ್ತದೆ. ಬೋಲ್ಟುಗಳನ್ನು ಕಾರಿನ ಕೈಪಿಡಿ ಹೇಳುವ ಟಾರ್ಕಿಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಏರ್ ತೆಗೆಯುವುದಕ್ಕೆ, ಅಂದರೆ ಆಯಿಲಿನಲ್ಲಿ ಸೇರಿದ ಗಾಳಿಯನ್ನು ಹೊರಹಾಕುವುದಕ್ಕೆ, ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕ್ಯಾಲಿಪರಿನ ಮೇಲಿರುವ ಸಣ್ಣ ತಿರುಪು, ಅಂದರೆ ನಿಪ್ಪಲನ್ನು ಸ್ವಲ್ಪ ತೆರೆದು, ಪಾರದರ್ಶಕ ನಳಿಕೆಯಲ್ಲಿ ಆಯಿಲ್ ಹರಿದ ಮೇಲೆ ಮುಚ್ಚಿ, ಆನಂತರವೇ ಕಾಲು ತೆಗೆಯಲು ಹೇಳಬೇಕು. ಗುಳ್ಳೆ ನಿಂತು ತಿಳಿಯಾದ ಹೊಸ ಆಯಿಲ್ ಬರುವವರೆಗೆ ಇದು ನಡೆಯಬೇಕು, ಮೇಲಿನ ಡಬ್ಬಿ ಕನಿಷ್ಠ ಗುರುತಿಗಿಂತ ಕೆಳಗೆ ಇಳಿಯಲೇಬಾರದು. ಹಳೆಯ ಕಾರಿನಲ್ಲಿ ಪೆಡಲನ್ನು ತಳದವರೆಗೆ ತುಳಿದರೆ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಓಡಾಡದ ತುಕ್ಕಿನ ಭಾಗಕ್ಕೆ ತಾಗಿ ಹರಿಯಬಹುದಾದ್ದರಿಂದ, ಪೆಡಲಿನ ಕೆಳಗೆ ಮರದ ತುಂಡೊಂದನ್ನಿಡಿ. ಯಾವ ಚಕ್ರ ಮೊದಲು ಎಂಬುದು ಕಾರಿನಿಂದ ಕಾರಿಗೆ ಬೇರೆ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗದೆ ಉಪಾಯವಿಲ್ಲ. ಕಾರನ್ನು ಕದಲಿಸುವ ಮೊದಲು, ಎಂಜಿನ್ ಶುರು ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇದನ್ನು ಮರೆತರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ.

ಹೊಸ ಪ್ಯಾಡು ಹೊಸ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಕೊಡಬೇಕು. ತಯಾರಕರು ಬೇರೆ ವಿಧಾನ ಹೇಳಿರದಿದ್ದರೆ, ನಸುಕಿನಲ್ಲಿ ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ 60ರಿಂದ 20 ಕಿ.ಮೀ.ವರೆಗೆ ಮಧ್ಯಮ ಒತ್ತಡದಿಂದ ಎಂಟು-ಹತ್ತು ಸಲ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ, ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದಂತೆ ಓಡಿಸಿ ತಣಿಸಿ. ಬಿಸಿಯಾಗಿರುವಾಗ ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ಅಂಶ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ ಮುಂದೆ ಅದುರುವಿಕೆ ಶುರುವಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಈ ಕೆಲಸ ಮಾಡುವುದು ಇತರರ ಪ್ರಾಣದ ಜೊತೆಗಿನ ಆಟ.

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಅದೇ ಅಳತೆಯ ಪ್ಯಾಡು, ಡಿಸ್ಕುಗಳನ್ನು ಬದಲಿಸುವುದು ನಿತ್ಯದ ದುರಸ್ತಿ. ಆದರೆ ದೊಡ್ಡ ಕಿಟ್ ಹಾಕಿಸುವವರು ವಿಮಾ ಕಂಪನಿಗೆ ಮೊದಲೇ ಪತ್ರ ಬರೆದು ಉತ್ತರವನ್ನು ಕಾಯ್ದಿಟ್ಟುಕೊಳ್ಳಲಿ, ವಾರಂಟಿಯಲ್ಲಿರುವ ಕಾರಾದರೆ ಶೋರೂಮಿನಲ್ಲೂ ವಿಚಾರಿಸಲಿ. ಕೆಲಸ ಮುಗಿದು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಟಾರ್ಕ್, ನಿಪ್ಪಲ್ ಮತ್ತು ಹೋಸಿನ ಜೋಡಣೆಯಲ್ಲಿ ಜಿನುಗು, ಎರಡೂ ಪಕ್ಕದ ಪ್ಯಾಡಿನ ಸವೆತ ಸಮನಾಗಿದೆಯೇ ಎಂಬುದನ್ನು ಮತ್ತೊಮ್ಮೆ ನೋಡಿ, ಆಮೇಲೆ ಘಾಟ್ ಇಳಿಯಿರಿ.